ಎಡಗಾಲಿಗೊಬ್ಬ ಸಾರಥಿ

ಭಾನುವಾರ ಬೆಳಿಗ್ಗೆ ಆರೂವರೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಬೆನ್ನಿಗೆ, ಎತ್ತರಕ್ಕೆ ಬಲೆ ಕಟ್ಟಿದ ಟರ್ಫ್. ಕೃತಕ ಹುಲ್ಲಿನ ನಡುವೆ ಸುರಿದ ಕಪ್ಪು ರಬ್ಬರ್ ಕಾಳು ಹುಡುಗರ ಶೂ ಸೇರಿ, ಸಾಕ್ಸ್ ಸೇರಿ, ಕೊನೆಗೆ ಅಪ್ಪಂದಿರ ಕಾರಿನ ಮ್ಯಾಟ್‌ವರೆಗೂ ಪ್ರಯಾಣ ಬೆಳೆಸುತ್ತದೆ. ನೆಲದ ಮೇಲೆ ಹಳದಿ ಪಟ್ಟಿಗಳ ಏಣಿಯೊಂದನ್ನು ಹಾಸಿದ್ದಾರೆ. ಹತ್ತು ವರ್ಷದ ಹುಡುಗನೊಬ್ಬ ಅದರ ಮನೆಗಳೊಳಗೆ ಎರಡು ಹೆಜ್ಜೆ, ಹೊರಗೆ ಒಂದು ಹೆಜ್ಜೆ ಎಂದು ಕುಂಟೆಬಿಲ್ಲೆಯನ್ನು ಹತ್ತು ಪಟ್ಟು ವೇಗದಲ್ಲಿ ಆಡಿದ ಹಾಗೆ ಹಾರಿಹೋಗುತ್ತಾನೆ. ನಾಲಿಗೆಯ ತುದಿ ಹೊರಗೆ ಇಣುಕಿದೆ. ಒಂದು ಪಟ್ಟಿಯನ್ನೂ ಮೆಟ್ಟುವುದಿಲ್ಲ. ಬಲೆಯಾಚೆ ಕಾಫಿ ಲೋಟ ಹಿಡಿದು ನಿಂತ ಅಪ್ಪ ಮೊಬೈಲಿನಲ್ಲಿ ವೀಡಿಯೊ ಹಿಡಿಯುತ್ತಾನೆ.

ಕಾಲು ಗಂಟೆ ಕಳೆದು ಐದೈದು ಜನರ ಆಟ ಶುರುವಾಗುತ್ತದೆ. ಅದೇ ಹುಡುಗನ ಕಡೆಗೆ ಚೆಂಡು ಬರುತ್ತದೆ, ಬಲಗಡೆಯಿಂದ ಎದುರಾಳಿಯೊಬ್ಬ ನುಗ್ಗುತ್ತಾನೆ, ಹುಡುಗನ ಎರಡು ಕಾಲೂ ಒಂದಕ್ಕೊಂದು ತೊಡರಿಕೊಂಡು ಅವನು ಕುಕ್ಕರಿಸುತ್ತಾನೆ. "ಕೋಚ್, ಲ್ಯಾಡರ್‌ನಲ್ಲಿ ಅಷ್ಟು ಚೆನ್ನಾಗಿ ಮಾಡ್ತಾನೆ, ಗೇಮ್‌ನಲ್ಲಿ ಯಾಕೆ ಹೀಗೆ?" ಎಂದು ಅಪ್ಪ ಕೇಳುತ್ತಾನೆ. ಕೋಚ್ ಸೀಟಿಯನ್ನು ಬಾಯಿಂದ ತೆಗೆದು ಹೇಳುತ್ತಾನೆ: "ಇನ್ನೂ ಕಾಲಿಗೆ ಕೂತಿಲ್ಲ ಸರ್."

ಕಾಲಿಗೆ ಕೂತಿಲ್ಲ. ದಿನಬಳಕೆಯ ಈ ಮಾತಿನ ಹೊಟ್ಟೆಯಲ್ಲಿ ತತ್ತ್ವಶಾಸ್ತ್ರದ ಹಳೆಯ ಜಗಳವೊಂದು ಅಡಗಿದೆ. ಕೂರಬೇಕಾದದ್ದು ಏನು, ಅದು ಕೂರುವ ಜಾಗ ಯಾವುದು? ಕನ್ನಡಕ್ಕೆ ಈ ವಿಷಯದಲ್ಲಿ ತನ್ನದೇ ಒಲವಿದೆ. ಕಲಿತದ್ದು ನಮ್ಮಲ್ಲಿ 'ಮೈಗೂಡು'ತ್ತದೆ, ಕೈ 'ಪಳಗು'ತ್ತದೆ, ಮಗ್ಗಿ 'ಬಾಯಿಪಾಠ'ವಾಗುತ್ತದೆ, ಮಂತ್ರ ಕಂಠದಲ್ಲಿ ನಿಲ್ಲುತ್ತದೆ. ತಲೆಗೆ ಹತ್ತುವ ಮಾತೂ ಇದೆ, ಆದರೆ ಅದು ಹೆಚ್ಚಾಗಿ 'ಹತ್ತಲಿಲ್ಲ' ಎಂಬ ಬೈಗುಳದ ರೂಪದಲ್ಲೇ ಕೇಳಿಬರುತ್ತದೆ. ಭಾಷೆ ಹೀಗೆ ಕಲಿಕೆಯನ್ನು ಮೈಯ ಬೇರೆ ಬೇರೆ ಅಂಗಗಳಿಗೆ ಹಂಚಿಕೊಟ್ಟು ಸುಮ್ಮನಾಗಿದೆ. ಶಾಸ್ತ್ರಗಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ.

ಕಠೋಪನಿಷತ್ತಿನ ರಥ ಗೊತ್ತಿಲ್ಲದವರು ಕಡಿಮೆ. ದೇಹವೇ ರಥ, ಇಂದ್ರಿಯಗಳೇ ಕುದುರೆ, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ, ಒಳಗೆ ಕೂತ ಒಡೆಯ ಆತ್ಮ. ಕ್ಯಾಲೆಂಡರ್ ಚಿತ್ರಗಳಲ್ಲಿ, ಪ್ರವಚನಗಳಲ್ಲಿ, ಕಂಪನಿಗಳ ನಾಯಕತ್ವ ಶಿಬಿರಗಳಲ್ಲಿ ಈ ರಥ ಓಡುತ್ತಲೇ ಇದೆ. ಟರ್ಫಿನ ಪಕ್ಕ ನಿಂತ ಅಪ್ಪನ ಮನಸ್ಸಿನಲ್ಲಿರುವುದೂ ಇದೇ ಚಿತ್ರ, ಅವನ ಕಸುಬಿನ ನುಡಿಯಲ್ಲಿ: ಮೆದುಳು ಆಜ್ಞೆ ಕೊಡುತ್ತದೆ, ಕಾಲು ಪಾಲಿಸುತ್ತದೆ, ಏಣಿಯ ಅಭ್ಯಾಸವೆಂದರೆ ಕಾಲಿಗೆ ಪ್ರೋಗ್ರಾಂ ಬರೆಯುವುದು. ಇದರಲ್ಲಿ ಅವನದೇನೂ ತಪ್ಪಿಲ್ಲ. ಕಳೆದ ಶತಮಾನದ 60 ಮತ್ತು 70ರ ದಶಕಗಳಲ್ಲಿ ಚಲನೆಯ ವಿಜ್ಞಾನಿಗಳೇ ಕಂಪ್ಯೂಟರಿನಿಂದ ಮಾತನ್ನು ಎರವಲು ತಂದು 'ಮೋಟಾರ್ ಪ್ರೋಗ್ರಾಂ' ಎಂದು ಬರೆದರು. ಉಪನಿಷತ್ತಿನ ಸಾರಥಿ ಕೀಬೋರ್ಡ್ ಮುಂದೆ ಬಂದು ಕೂತ.

ತೊಂದರೆ ಲಗಾಮುಗಳ ಲೆಕ್ಕದಲ್ಲಿದೆ. ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ಅದರ ಮೇಲೆ ಕಾಲಿನ ಹರಡು, ಮೊಣಕಾಲು, ಎಲ್ಲ ದಿಕ್ಕಿಗೂ ತಿರುಗುವ ಸೊಂಟ. ತೂಕ ತಡೆಯಲು ಇನ್ನೊಂದು ಕಾಲು, ತೂಗಲು ಎರಡು ಕೈ. ಓಡುತ್ತ ಚೆಂಡನ್ನು ಒಂದೇ ಒಂದು ಸಲ ಪಕ್ಕಕ್ಕೆ ತಳ್ಳಲು ಇವೆಲ್ಲ ಒಟ್ಟಿಗೆ ದುಡಿಯಬೇಕು. ಒಂದೊಂದು ಕೀಲಿಗೂ ಒಂದೊಂದು ಲಗಾಮು ಕಟ್ಟಿ ಎಳೆಯುತ್ತ ಕೂತರೆ ಯಾವ ಸಾರಥಿಯೂ ಮಧ್ಯಂತರದ ಹೊತ್ತಿಗೆ ಮೊದಲ ಹೆಜ್ಜೆ ಮುಗಿಸಿರುವುದಿಲ್ಲ. ಬ್ರಿಟಿಷ್ ದಾರ್ಶನಿಕ ಗಿಲ್ಬರ್ಟ್ ರೈಲ್ 1949ರಲ್ಲಿ ಇನ್ನೊಂದು ಕೊಕ್ಕೆಯನ್ನೂ ತೋರಿಸಿದ. ಜಾಣ ಕೆಲಸಕ್ಕೆಲ್ಲ ಮೊದಲೊಂದು ಜಾಣ ಯೋಚನೆ ಬೇಕು ಎಂದಾದರೆ, ಆ ಯೋಚನೆಯೂ ಒಂದು ಕೆಲಸವೇ, ಅದಕ್ಕೂ ಮೊದಲು ಇನ್ನೊಂದು ಯೋಚನೆ ಬೇಕು. ನಮ್ಮ ತಾರ್ಕಿಕರು ಅನವಸ್ಥಾ ದೋಷ ಎಂದು ಕರೆದದ್ದು ಇದನ್ನೇ. ಸಾರಥಿಗೊಬ್ಬ ಸಾರಥಿ, ಅವನಿಗೆ ಮತ್ತೊಬ್ಬ. ರಥ ಲಾಯದಿಂದ ಹೊರಡುವುದೇ ಇಲ್ಲ.

ನಗರದ ಇನ್ನೊಂದು ತುದಿಗೆ, ಪೀಣ್ಯಕ್ಕೆ ಹೋದರೆ ಈ ಪ್ರಶ್ನೆಗೆ ಯಂತ್ರದ ಗ್ರೀಸ್ ವಾಸನೆಯ ಉತ್ತರವೊಂದು ಸಿಗುತ್ತದೆ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಈಗ ಸಿಎನ್‌ಸಿ ಯಂತ್ರಗಳದ್ದೇ ದರ್ಬಾರು. ಪ್ರೋಗ್ರಾಂ ಹಾಕಿದರೆ ಸಾವಿರದ ಒಂದನೆಯ ಬಿಡಿಭಾಗಕ್ಕೂ ಅದೇ ಹಾದಿ, ಅದೇ ಆಳ. ಆದರೆ ಅಲ್ಲಿಗೆ ಬರುವ ಫಿಟ್ಟರ್ ಕೈ ಪಳಗಿಸಿಕೊಂಡದ್ದು ಐಟಿಐನಲ್ಲಿ, ವೈಸ್‌ಗೆ ಬಿಗಿದ ಕಬ್ಬಿಣದ ತುಂಡಿನ ಮೇಲೆ ಅರ ಉಜ್ಜುತ್ತ. ಮೇಲ್ಮೈ ಮಟ್ಟಸವಾಗಬೇಕು ಎಂಬುದಷ್ಟೇ ಪಾಠ. ಹೊಸಬರ ಕೈಯಲ್ಲಿ ಅದು ಆಮೆಯ ಬೆನ್ನಾಗುತ್ತದೆ, ಏಕೆಂದರೆ ಅರ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ತೂಗದಿರಬೇಕಾದರೆ ತಳ್ಳುವಿಕೆಯ ಆರಂಭದಲ್ಲಿ ತುದಿ ಹಿಡಿದ ಕೈಯ ಒತ್ತಡ ಹೆಚ್ಚಿರಬೇಕು, ನಡುವೆ ಎರಡೂ ಸಮವಾಗಬೇಕು, ಕೊನೆಯಲ್ಲಿ ಹಿಡಿ ಹಿಡಿದ ಕೈ ಮೇಲಾಗಬೇಕು. ಹೇಳಲು ಒಂದು ವಾಕ್ಯ ಸಾಕು. ಆ ವಾಕ್ಯವನ್ನು ನೆನೆಯುತ್ತ ಉಜ್ಜಿದವನ ತುಂಡು ಮಾತ್ರ ಆಮೆಯೇ. ವಾರಗಳು ಕಳೆದ ಮೇಲೆ ಒಂದು ದಿನ ಮಟ್ಟಗೋಲು ಇಟ್ಟು ನೋಡಿದರೆ ಬೆಳಕು ನುಸುಳುವುದಿಲ್ಲ. ಕೈಗೆ ಕೂತಿದೆ. ಯಾವ ದಿನ ಕೂತಿತು ಎಂದು ಯಾರಿಗೂ ಹೇಳಲು ಬರುವುದಿಲ್ಲ.

ಕೈ ಪಳಗುವ ಈ ಬಗೆಯನ್ನು ಅಳೆದು ನೋಡಿದವನೊಬ್ಬನೂ ಕಾರ್ಮಿಕರ ನಡುವೆಯೇ ನಿಂತಿದ್ದ. ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಗೆ ಸೇರಿ, ಉಳಿಯ ತಲೆಗೆ ಸುತ್ತಿಗೆ ಬಡಿಯುವ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಅವುಗಳ ಜಾಡನ್ನು ಫೋಟೊ ತೆಗೆದ. ಆ ಸಂಸ್ಥೆಯನ್ನು ಕಟ್ಟಿದ ಅಲೆಕ್ಸಿ ಗಾಸ್ತೆವ್ ಕವಿ. ಕಾರ್ಮಿಕನನ್ನು ಯಂತ್ರದಷ್ಟು ಕರಾರುವಾಕ್ಕಾಗಿ ಮಾಡುವುದು ಅವನ ಕನಸು. ಫೋಟೊಗಳು ಕವಿಯ ಕನಸನ್ನು ಕೆಡಿಸಿದವು. ನುರಿತವನ ಸುತ್ತಿಗೆ ಪ್ರತಿ ಸಲವೂ ಗುರಿಯ ಹತ್ತಿರಕ್ಕೇ ಬಂದು ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. ಭುಜ ಕೊಂಚ ಎಡವಿದರೆ ಮಣಿಕಟ್ಟು ಅದನ್ನು ಸರಿದೂಗಿಸುತ್ತಿತ್ತು. ಅಭ್ಯಾಸವೆಂದರೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಲ್ಲ, ಒಂದೇ ತೊಡಕನ್ನು ಮತ್ತೆ ಮತ್ತೆ ಬಿಡಿಸುವುದು, ಪ್ರತಿ ಸಲವೂ ಅಷ್ಟಿಷ್ಟು ಬೇರೆ ರೀತಿಯಲ್ಲಿ: ಇದು ಅವನು ಕಂಡುಕೊಂಡದ್ದು. 1948ರಲ್ಲಿ ಅವನಿಗೆ ಸ್ಟಾಲಿನ್ ಪ್ರಶಸ್ತಿ ಬಂತು. ಹೆಚ್ಚು ಕಾಲ ಕಳೆಯುವ ಮೊದಲೇ ಶರೀರವಿಜ್ಞಾನಿ ಪಾವ್ಲೊವ್‌ನ ಸಿದ್ಧಾಂತವನ್ನು ಒಪ್ಪದವನೆಂದು ಕೆಲಸವೂ ಹೋಯಿತು. ಆಜ್ಞೆ ಮತ್ತು ಪಾಲನೆಯ ಮೇಲೆ ನಿಂತ ರಾಜ್ಯಕ್ಕೆ, ಕೀಲುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ ಎಂಬ ಸಿದ್ಧಾಂತ ಪಥ್ಯವಾಗದಿದ್ದದ್ದು ಆಶ್ಚರ್ಯವೇನಲ್ಲ.

ಹೀಗೆ ಕೀಲುಗಳು ತಾವೇ ಹೊಂದಿಕೊಳ್ಳುವುದಾದರೆ ಸಾರಥಿ ಎಲ್ಲಿ? ಇಲ್ಲಿ ಇನ್ನೊಂದು ರಥ ಬರುತ್ತದೆ. ಗ್ರೀಕ್ ದೊರೆ ಮಿಲಿಂದ ಬೌದ್ಧ ಭಿಕ್ಷು ನಾಗಸೇನನನ್ನು ನೋಡಲು ರಥದಲ್ಲಿ ಬಂದಿದ್ದ. ಭಿಕ್ಷು ಅದೇ ರಥವನ್ನು ಹಿಡಿದುಕೊಂಡ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಇವೆಲ್ಲವನ್ನೂ ಬಿಟ್ಟು ಬೇರೆ ರಥವೊಂದು ಇದೆಯೇ? ದೊರೆ ಪ್ರತಿಯೊಂದಕ್ಕೂ ಇಲ್ಲ ಎನ್ನಬೇಕಾಯಿತು. ಭಾಗಗಳು ಕೂಡಿದಾಗ ಬಳಸುವ ಒಂದು ಹೆಸರು ರಥ, 'ನಾಗಸೇನ' ಎಂಬುದೂ ಅಂಥದೇ ಹೆಸರು. ಕಠದ ರಥದಲ್ಲಿ ಒಡೆಯನೂ ಇದ್ದಾನೆ, ಸಾರಥಿಯೂ ಇದ್ದಾನೆ. ನಾಗಸೇನನ ರಥದಲ್ಲಿ ಯಾರೂ ಇಲ್ಲ, ಆದರೂ ದೊರೆ ಮಠದ ಬಾಗಿಲವರೆಗೆ ಬಂದು ತಲುಪಿದ್ದಂತೂ ನಿಜ.

ಫುಟ್‌ಬಾಲ್ ತರಬೇತಿಯ ಮಟ್ಟಿಗೆ ಇದು ಬರೀ ಪಾಂಡಿತ್ಯದ ಸಂಗತಿಯಲ್ಲ. ಅಕಾಡೆಮಿಗಳ ಶುಲ್ಕದ ಚೀಟಿಯಲ್ಲೇ 'ಕೋಆರ್ಡಿನೇಶನ್' ಎಂಬ ಪದವಿರುತ್ತದೆ. 1970ರ ದಶಕದಲ್ಲಿ ಪೂರ್ವ ಜರ್ಮನಿಯ ಕ್ರೀಡಾವಿಜ್ಞಾನಿಗಳು ಅದನ್ನು ಏಳು ಸಾಮರ್ಥ್ಯಗಳಾಗಿ ವಿಂಗಡಿಸಿದರು. ಸಮತೋಲ, ಲಯ, ದಿಕ್ಕಿನ ಅರಿವು, ಪ್ರತಿಕ್ರಿಯೆ ಹೀಗೆ ಸಾಗುವ ಆ ಪಟ್ಟಿಯನ್ನು ಲೋಕದ ಅನೇಕ ಕೋಚ್‌ಗಳು ಇವತ್ತಿಗೂ ಬಳಸುತ್ತಾರೆ. ಏಣಿ ಲಯಕ್ಕೆ, ಒಂಟಿಕಾಲಿನ ನಿಲುವು ಸಮತೋಲಕ್ಕೆ, ಕೋನುಗಳು ದಿಕ್ಕಿಗೆ. ಆದರೆ ಅಮೆರಿಕದ ಫ್ರಾಂಕ್ಲಿನ್ ಹೆನ್ರಿ ಅದಕ್ಕೂ ಮೊದಲೇ ತಣ್ಣೀರೆರಚಿದ್ದ. ಒಂದು ಚಲನೆಯಲ್ಲಿ ನಿಪುಣನಾದವನು ಇನ್ನೊಂದರಲ್ಲೂ ನಿಪುಣನಾಗಿರುತ್ತಾನೆ ಎಂದು ಹೇಳಲಾಗದು, ಚಲನೆಯ ಕೌಶಲಗಳು ಬಹುಪಾಲು ಆಯಾ ಕೆಲಸಕ್ಕೇ ಅಂಟಿಕೊಂಡಿರುತ್ತವೆ ಎಂಬುದು ಅವನ ವಾದ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಜರ್ಮನ್ನರು ನೈಯಾಯಿಕರು: ಎಲ್ಲ ಹಸುಗಳಲ್ಲೂ ಗೋತ್ವವೆಂಬುದು ನಿಜವಾಗಿ ನೆಲೆಸಿರುವ ಹಾಗೆ ಎಲ್ಲ ಚಲನೆಗಳಲ್ಲೂ ಲಯವೆಂಬುದು ನೆಲೆಸಿದೆ. ಹೆನ್ರಿ ಬೌದ್ಧ: ಹಸುಗಳಿವೆ, ಗೋತ್ವವೆಂಬುದು ನಾವು ಇಟ್ಟ ಹೆಸರು. ಏಣಿಯಲ್ಲಿ ಹಾರಿದ ಹುಡುಗ ಆಟದಲ್ಲಿ ಕುಕ್ಕರಿಸಿದ್ದನ್ನು ನೋಡಿದರೆ ಆ ಬೆಳಿಗ್ಗೆಯ ಮಟ್ಟಿಗೆ ಗೆದ್ದವರು ಬೌದ್ಧರು. ಏಣಿ ಕಲಿಸಿದ್ದು ಏಣಿಯನ್ನು. ಅದು ಓಡಿಬಂದು ಅಡ್ಡಗಾಲು ಹಾಕುವುದಿಲ್ಲ, ಎಡಕ್ಕೆ ಹೋಗುತ್ತೇನೆಂದು ನಂಬಿಸಿ ಬಲಕ್ಕೆ ಹೋಗುವುದಿಲ್ಲ. ಚುರುಕುತನ ಎಂಬ ಪದಕ್ಕೆ ಕ್ರೀಡಾವಿಜ್ಞಾನ 2006ರಿಂದೀಚೆಗೆ ಹೆಚ್ಚಾಗಿ ಬಳಸುವ ವ್ಯಾಖ್ಯೆಯಲ್ಲಿ 'ಹೊರಗಿನ ಪ್ರಚೋದನೆಗೆ ಪ್ರತಿಯಾಗಿ' ಎಂಬ ಷರತ್ತು ಸೇರಿಕೊಂಡದ್ದು ಈ ಕಾರಣಕ್ಕೇ.

ಹಾಗೆಂದು ಏಣಿಯನ್ನು ಸುಟ್ಟುಹಾಕಬೇಕಿಲ್ಲ. ಮೈ ಬಿಸಿಯಾಗುತ್ತದೆ, ಮಕ್ಕಳಿಗೆ ಖುಷಿಯಾಗುತ್ತದೆ, ವೀಡಿಯೊ ಚೆನ್ನಾಗಿ ಬರುತ್ತದೆ.

ಇನ್ನು ಮನಸ್ಸಿನ ಪಾಲು. ಮನಸ್ಸು ಅಣುವಿನಷ್ಟು ಚಿಕ್ಕದು, ಒಂದು ಕ್ಷಣಕ್ಕೆ ಒಂದೇ ಇಂದ್ರಿಯವನ್ನು ಅದು ಕೂಡಬಲ್ಲದು, ಆದ್ದರಿಂದ ಒಂದು ಕ್ಷಣಕ್ಕೆ ಒಂದೇ ಅರಿವು ಎನ್ನುತ್ತದೆ ನ್ಯಾಯದರ್ಶನ. ಇದಕ್ಕೆ ಎದುರು ಬಂದ ಆಕ್ಷೇಪ ರುಚಿಕಟ್ಟಾದದ್ದು. ಉದ್ದನೆಯ ಶಷ್ಕುಲಿಯನ್ನು ಕಡಿಯುವವನಿಗೆ ಅದರ ಬಣ್ಣ, ಘಮ, ರುಚಿ, ಗರಿಗರಿ ಸದ್ದು, ಹಲ್ಲಿಗೆ ತಾಗುವ ಗಟ್ಟಿತನ ಐದೂ ಒಟ್ಟಿಗೇ ತಿಳಿಯುವುದಿಲ್ಲವೇ? ಈ ಶಷ್ಕುಲಿಯೇ ನಮ್ಮ ಚಕ್ಕುಲಿಯ ಮೂಲ ಎನ್ನುತ್ತಾರೆ. ಗೋಕುಲಾಷ್ಟಮಿಯ ತಿಂಡಿ ತರ್ಕಶಾಸ್ತ್ರದ ಪುಟ ಸೇರಿದ್ದು ಹೀಗೆ. ನೈಯಾಯಿಕರು ಬಗ್ಗಲಿಲ್ಲ. ಒಂದರ ಮೇಲೊಂದು ಪೇರಿಸಿದ ನೂರು ತಾವರೆ ಎಸಳುಗಳಿಗೆ ಸೂಜಿ ಚುಚ್ಚಿದರೆ ಒಮ್ಮೆಗೇ ತೂತಾದಂತೆ ಕಾಣುತ್ತದೆ, ಆದರೆ ತೂತಾಗುವುದು ಒಂದಾದ ಮೇಲೊಂದು, ವೇಗ ನಮ್ಮ ಕಣ್ಣು ಕಟ್ಟುತ್ತದೆ ಎಂದರು.

ಚೆಂಡನ್ನು ಕಾಲಲ್ಲಿ ಇಟ್ಟುಕೊಂಡ ಆಟಗಾರನ ಪಾಡು ಇದೇ. ಅಣುಮನಸ್ಸು ಕಾಲಿನ ಬಳಿ ಇದ್ದರೆ ಮೈದಾನ ಕಾಣುವುದಿಲ್ಲ. ಮೈದಾನಕ್ಕೆ ಹೋದರೆ ಕಾಲು ಅನಾಥ. ಭರತನಾಟ್ಯದಲ್ಲಿ ಕೈ ಹೋದ ಕಡೆಗೆ ನೋಟ ಹೋಗಬೇಕೆಂದು ಕಲಿಸುತ್ತಾರೆ. ಅದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಆ ಪಾಠವೂ ಭಾನುವಾರ ಬೆಳಿಗ್ಗೆಯೇ ನಡೆಯುತ್ತಿರುತ್ತದೆ. ಕೆಳಗಿನ ಟರ್ಫಿನಲ್ಲಿ ಅದರ ತಲೆಕೆಳಗು ಪಾಠ: ಕಾಲು ಇರುವ ಕಡೆ ನೋಟ ಇರಕೂಡದು. "ತಲೆ ಎತ್ತೋ!" ಎಂಬ ಕೂಗು ಟರ್ಫಿನಲ್ಲಿ ನಿಮಿಷಕ್ಕೊಮ್ಮೆ ಕೇಳುತ್ತದೆ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಸಂಶೋಧಕ ಚೆಂಡು ಬರುವ ಮುನ್ನ ಆಟಗಾರರು ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾರೆಂದು ವರ್ಷಗಟ್ಟಲೆ ಎಣಿಸಿದ. ಹೆಚ್ಚು ನೋಡಿದವರು ಪಾಸನ್ನು ಗುರಿ ಮುಟ್ಟಿಸುವುದರಲ್ಲೂ ಮುಂದಿದ್ದರು. ಕನ್ನಡದವರಿಗೆ ಇದರ ಹತ್ತಿರದ ಉದಾಹರಣೆ ಅವಧಾನ. ಶತಾವಧಾನಿ ಆರ್. ಗಣೇಶರು ನಮ್ಮ ಕಾಲದಲ್ಲಿ ಮತ್ತೆ ಜೀವ ತುಂಬಿದ ಆ ಕಲೆಯಲ್ಲಿ ಪದ್ಯ ಕಟ್ಟುತ್ತಿರುವಾಗಲೇ ನಡುನಡುವೆ ಬಾರಿಸಿದ ಗಂಟೆಯ ಲೆಕ್ಕ ಇಡಬೇಕು, ಅಪ್ರಸ್ತುತ ಪ್ರಸಂಗಿಯ ಕೀಟಲೆಗೆ ನಗುತ್ತ ಉತ್ತರಿಸಬೇಕು. ಛಂದಸ್ಸು ಮೈಗೂಡದವನು ಮಾತ್ರೆ ಎಣಿಸುತ್ತ ಕೂತರೆ ಗಂಟೆ ಕೇಳಿಸುವುದೇ ಇಲ್ಲ.

ಹಾಗಾದರೆ ಒಳ್ಳೆಯ ಆಟಗಾರನ ಕಾಲಿಗೆ ಸಾರಥಿ ಬೇಡವೇ? 2002ರಲ್ಲಿ ಅಮೆರಿಕದ ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಈ ಪ್ರಶ್ನೆಯನ್ನು ನೇರವಾಗಿ ಮೈದಾನಕ್ಕೆ ಇಳಿಸಿತು. ನುರಿತ ಫುಟ್‌ಬಾಲಿಗರು, ಹೊಸಬರು ಇಬ್ಬರನ್ನೂ ಕೋನುಗಳ ನಡುವೆ ಚೆಂಡನ್ನು ಹಾವಿನಂತೆ ಹೊರಳಿಸಿಕೊಂಡು ಹೋಗಲು ಹೇಳಿದರು. ಒಂದು ಸುತ್ತಿನಲ್ಲಿ ಸದ್ದು ಕೇಳಿದಾಗಲೆಲ್ಲ, ಈಗ ಚೆಂಡಿಗೆ ತಾಗಿದ್ದು ಪಾದದ ಒಳಬದಿಯೋ ಹೊರಬದಿಯೋ ಎಂದು ಹೇಳಬೇಕು. ಅಂದರೆ ಗಮನ ಕಾಲಿನ ಮೇಲೇ. ಇನ್ನೊಂದು ಸುತ್ತಿನಲ್ಲಿ ಕಿವಿಗೆ ಬೀಳುವ ಪದಗಳ ಸಾಲಿನಲ್ಲಿ ಗೊತ್ತುಪಡಿಸಿದ ಪದವೊಂದು ಬಂದರೆ ಅದನ್ನು ಉಚ್ಚರಿಸಬೇಕು. ಗಮನ ಬೇರೆಲ್ಲೋ. ಹೊಸಬರು ಕಾಲಿನ ಮೇಲೆ ಗಮನವಿಟ್ಟಾಗಲೇ ಚೆನ್ನಾಗಿ ಆಡಿದರು. ನುರಿತವರು ಬಲಗಾಲಿನಲ್ಲಿ ಆಡುವಾಗ ಅದು ತಿರುಗುಮುರುಗಾಯಿತು: ಪದಗಳಿಗೆ ಕಿವಿಗೊಟ್ಟಾಗ ಸರಾಗ, ಕಾಲನ್ನು ಗಮನಿಸಿದ ಕೂಡಲೇ ನಿಧಾನ. ಪ್ರಯೋಗದ ಸ್ವಾರಸ್ಯ ಇರುವುದು ಇದರ ಮುಂದೆ. ಅದೇ ನುರಿತವರನ್ನು ಎಡಗಾಲಿನಲ್ಲಿ ಆಡಿಸಿದಾಗ ಅವರೂ ಹೊಸಬರಾದರು, ಗಮನ ಕೊಟ್ಟರೆ ಮಾತ್ರ ಎಡಗಾಲು ಸುಧಾರಿಸಿತು.

ಒಬ್ಬನೇ ಮನುಷ್ಯ, ಎರಡು ರಥ. ಬಲಗಾಲು ನಾಗಸೇನನದು, ಅಲ್ಲಿ ಯಾರೂ ಕೂತಿಲ್ಲ, ಕೂತರೆ ಕೆಡುತ್ತದೆ. ಎಡಗಾಲು ಕಠೋಪನಿಷತ್ತಿನದು, ಅಲ್ಲಿ ಸಾರಥಿ ಇಳಿದರೆ ಗಾಡಿ ಗಟಾರಕ್ಕೆ. ದರ್ಶನಗಳ ಚರ್ಚೆಯಲ್ಲಿ ನಾವು ಎರಡರಲ್ಲಿ ಒಂದು ನಿಜವಾಗಿರಬೇಕು ಎಂದು ಹಟ ಹಿಡಿಯುತ್ತೇವೆ. ಸೊಂಟದಿಂದ ಕೆಳಗೆ ಆ ಹಟ ನಡೆಯುವಂತೆ ಕಾಣುವುದಿಲ್ಲ. ಕರ್ತೃವೆಂಬುವನು ಇದ್ದಾನೋ ಇಲ್ಲವೋ ಎನ್ನುವ ಪ್ರಶ್ನೆಗೆ ಯಾವ ಕಾಲಿನಲ್ಲಿ, ಅಭ್ಯಾಸದ ಎಷ್ಟನೆಯ ವರ್ಷದಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. 2014ರಲ್ಲಿ ಜಪಾನಿನ ಸಂಶೋಧಕರು ಫುಟ್‌ಬಾಲ್ ತಾರೆ ನೇಮಾರ್‌ನನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಪಾದ ತಿರುಗಿಸಲು ಹೇಳಿದಾಗ, ಪಾದವನ್ನು ಆಡಿಸುವ ಮೆದುಳಿನ ಭಾಗ ಇತರ ವೃತ್ತಿಪರ ಆಟಗಾರರಿಗಿಂತಲೂ ಕಿರಿದಾದ ಜಾಗದಲ್ಲಿ ಮಾತ್ರ ಚುರುಕಾಗಿತ್ತು. ಒಬ್ಬನ ಮೆದುಳಿನಿಂದ ಸಿದ್ಧಾಂತ ಕಟ್ಟಬಾರದು. ಆದರೂ ಲೋಕದ ಅತಿ ಮಾತುಗಾರ ಕಾಲುಗಳಲ್ಲೊಂದು ಮೆದುಳಿನಲ್ಲಿ ಅಷ್ಟು ಕಡಿಮೆ ಗದ್ದಲ ಎಬ್ಬಿಸುತ್ತದೆ ಎಂಬುದು ನೆನಪಿನಲ್ಲಿ ಉಳಿಯುವ ಸಂಗತಿ.

ಸಾರಥಿ ಇಳಿದುಹೋಗುವುದು ಹೇಗೆ? ವೈಶೇಷಿಕರ ಬಳಿ ಇದಕ್ಕೊಂದು ಪದವಿದೆ: ಸಂಸ್ಕಾರ. ನಾವು ಈಗ ಆ ಪದವನ್ನು ಮನೆತನ, ಮಂತ್ರ, ಹಿರಿಯರ ಕಾಲಿಗೆ ಬೀಳುವುದು ಇವುಗಳಿಗೆ ಮೀಸಲಿಟ್ಟಿದ್ದೇವೆ. ಅವರ ಲೆಕ್ಕದಲ್ಲಿ ಅದು ಮೂರು ಬಗೆ. ಎಸೆದ ವಸ್ತು ಮುಂದೆ ಸಾಗುತ್ತಲೇ ಇರುವಂತೆ ಮಾಡುವುದು ವೇಗ. ಬಗ್ಗಿಸಿ ಬಿಟ್ಟ ಕೊಂಬೆ ಹಿಂದಕ್ಕೆ ಚಿಮ್ಮುವಂತೆ ಮಾಡುವುದು ಸ್ಥಿತಿಸ್ಥಾಪಕ. ಅನುಭವದ ಅಚ್ಚು ಉಳಿಸುವುದು ಭಾವನಾ. ಒದ್ದ ಚೆಂಡಿನಲ್ಲಿ, ನೆಲಕ್ಕೆ ಬಡಿದು ಪುಟಿದ ಚೆಂಡಿನಲ್ಲಿ, ಒದೆಯಲು ಕಲಿತ ಹುಡುಗನಲ್ಲಿ ಇರುವುದು ಒಂದೇ ಗುಣದ ಮೂರು ರೂಪ! ಈ ಭಾವನಾ ಗಟ್ಟಿಯಾಗಲು ವೈಶೇಷಿಕ ಭಾಷ್ಯಕಾರ ಪ್ರಶಸ್ತಪಾದ ಮೂರು ಕಾರಣ ಕೊಡುತ್ತಾನೆ: ಅನುಭವ ತೀಕ್ಷ್ಣವಾಗಿರಬೇಕು, ಇಲ್ಲವೇ ಮರಳಿ ಮರಳಿ ಬರಬೇಕು, ಇಲ್ಲವೇ ಅದರ ಮೇಲೆ ಆದರವಿರಬೇಕು. ತೀಕ್ಷ್ಣತೆಗೆ ಅವನ ಉದಾಹರಣೆ ಮೊದಲ ಸಲ ಒಂಟೆ ಕಂಡ ದಕ್ಷಿಣದವನು. ನಮ್ಮವರ ಬೆರಗು ಶಾಸ್ತ್ರಗ್ರಂಥ ಸೇರಿದ್ದು ಹೆಮ್ಮೆಯೋ ಅವಮಾನವೋ ಬಿಡಿ, ಕೋಚ್‌ಗಳಿಗೆ ಮಾತ್ರ ಇದು ಪಾಠ. ಏಣಿಯಲ್ಲಿ ಅಭ್ಯಾಸವಿದೆ, ಒಂಟೆಯಿಲ್ಲ.

ಬೆಂಗಳೂರಿನ ಹಳೆಯ ಫುಟ್‌ಬಾಲ್ ಬೆಳೆದದ್ದು ಒಂಟೆಗಳ ನಡುವೆ. ದಂಡಿನ ಬೀದಿಗಳಲ್ಲಿ ಕಲ್ಲು, ಗುಂಡಿ, ಗೋಡೆ, ನಡುವೆ ಬಂದ ಸೈಕಲ್ಲು. ಕಾಲಿಗೆ ಶೂ ಇಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಿನ ಭಾರತ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10 ಗೋಲು ಬಾರಿಸಿದಾಗ ಭಾರತಕ್ಕೆ ಸಿಕ್ಕ ಒಂದೇ ಗೋಲು ಅಹ್ಮದ್ ಖಾನ್ ಅವರದು, ಅವರೂ ಬೆಂಗಳೂರಿನವರು. ಕಾಲ್ಚಳಕಕ್ಕೆ ಕೋಲ್ಕತ್ತದ ಜನ ಅವರನ್ನು ಹಾವಾಡಿಗ ಎಂದು ಕರೆದರು. ಪಾದದ ಚರ್ಮಕ್ಕೂ ಚೆಂಡಿನ ತೊಗಲಿಗೂ ನಡುವೆ ಏನೂ ಇಲ್ಲದಿದ್ದಾಗ ಕಾಲಿಗೆ ಬರುವ ಸುದ್ದಿಯೇ ಬೇರೆ. ನಾವು ದೇವರ ಮುಂದೆ ಚಪ್ಪಲಿ ಬಿಡುವುದು ಗೌರವಕ್ಕೆ ಎನ್ನುತ್ತೇವೆ. ಗರ್ಭಗುಡಿಯ ಕಲ್ಲಿನ ತಂಪು ಮೊದಲು ತಿಳಿಯುವುದು ಪಾದಕ್ಕೇ ಎಂಬುದೂ ಅಷ್ಟೇ ನಿಜ. ಹೆಲ್ಸಿಂಕಿಯ ನಂತರ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ಸರಿಯಾದ ತೀರ್ಮಾನವೇ, ಚಳಿಯ ಒದ್ದೆ ಹುಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ. ಕಳೆದುಹೋದ ಸುದ್ದಿಯನ್ನು ಬೇರೆ ದಾರಿಯಲ್ಲಿ ತುಂಬಿಕೊಡುವ ಕೆಲಸ ತರಬೇತಿಯ ಮೇಲೆ ಬಿತ್ತು.

ಆ ಕೆಲಸದ ಒಂದು ಪಾಲನ್ನು ಕಾರ್ಖಾನೆಗಳು ಹೊತ್ತವು. ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲೇ ಇರುವ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಮೇಲೆ ಹೇಳಿದ ಅರ ಉಜ್ಜುವ ಐಟಿಐ ಬೇರೆ, ಇದು ಬೇರೆ, ಈ ಗೊಂದಲ ಬೆಂಗಳೂರಿನಷ್ಟೇ ಹಳೆಯದು) 1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಗೆದ್ದಿತು. ಫೈನಲ್ಲಿನಲ್ಲಿ ಸೋತದ್ದು ಮೋಹನ್ ಬಗಾನ್, 1–0. ಟೆಲಿಫೋನ್ ಮಾಡುವವರ ತಂಡ ಕೋಲ್ಕತ್ತದ ದೈತ್ಯರನ್ನು ಕೆಡವಿತ್ತು. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗ್‌ವರೆಗೂ ಏರಿ ಎರಡು ಋತು ಅಲ್ಲಿ ಆಡಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಾಗ, ಹಳೆಯ ಆಟಗಾರರಿಗೆ ಮತ್ತೆ ನೆನಪಾದದ್ದು ಆ ಕಾರ್ಖಾನೆ ತಂಡಗಳ ಕಾಲ.

ಬಸವಣ್ಣನವರು ದೇಹವನ್ನು ಗುಡಿಗೆ ಹೋಲಿಸಿ, ಕಾಲನ್ನು ಆ ಗುಡಿಯ ಕಂಬವಾಗಿ ಕಂಡರು. ಕಾಯಕದವರ ನಾಡಿನ ಕಾರ್ಖಾನೆ ತಂಡಗಳಿಗೆ ಒಪ್ಪುವ ಹೋಲಿಕೆ. ಆದರೆ ಕಂಬ ನಿಲ್ಲುತ್ತದೆ, ಒದೆಯುವುದಿಲ್ಲ. ಅವರೇ ನಿಂತದ್ದಕ್ಕಿಂತ ಚಲಿಸುವುದನ್ನು, ಸ್ಥಾವರಕ್ಕಿಂತ ಜಂಗಮವನ್ನು ಮೇಲೆ ಇಟ್ಟವರು. ಫುಟ್‌ಬಾಲಿಗನಿಗೆ ಎರಡೂ ಏಕಕಾಲಕ್ಕೆ ಬೇಕು. ಒಂದು ಕಾಲು ಕಂಬವಾಗಿ ನೆಟ್ಟರೆ ತಾನೇ ಇನ್ನೊಂದು ಜಂಗಮವಾಗಲು ಸಾಧ್ಯ? ಎಳೆಯರಿಗೆ ಒದೆಯುವುದನ್ನು ಕಲಿಸುವ ಕೋಚ್ ಮೊದಲು ನೋಡುವುದು ಒದೆಯದ ಕಾಲನ್ನು, ಅದು ಚೆಂಡಿನ ಪಕ್ಕ ಎಲ್ಲಿ ಊರಿದೆ ಎಂಬುದನ್ನು.

ಸಾರಥಿಯಿಲ್ಲದ ಬಲಗಾಲಿನಿಂದ ಗೋಲಾದರೆ ಹೊಗಳಿಕೆ ಯಾರಿಗೆ? ತತ್ತ್ವ ಅರಿತವನು ನಡೆಯುವಾಗಲೂ ಉಸಿರಾಡುವಾಗಲೂ ತಾನು ಕರ್ತೃವಲ್ಲ ಎಂಬ ತಿಳಿವಿನಲ್ಲಿರುತ್ತಾನೆ ಎಂಬ ಮಾತು ಗೀತೆಯ ಐದನೆಯ ಅಧ್ಯಾಯದಲ್ಲಿ ಬರುತ್ತದೆ. ಗೋಲು ಹೊಡೆದು ಆಕಾಶಕ್ಕೆ ಬೆರಳು ತೋರುವವರು, ಅಂಕಣ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು, ಶಿಲುಬೆಯ ಗುರುತು ಹಾಕುವವರು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿರಬಹುದು. ಪೆನಾಲ್ಟಿಯಲ್ಲಿ ಗುರಿ ತಪ್ಪಿದವರು ಮಾತ್ರ ಸಾಮಾನ್ಯವಾಗಿ ಆಕಾಶ ತೋರಿಸುವುದಿಲ್ಲ, ಮುಖ ಮುಚ್ಚಿಕೊಳ್ಳುತ್ತಾರೆ. ನಿಯಮ ಬರೆಯುವವರಿಗೂ ಕರ್ತೃತ್ವ ತಲೆನೋವೇ. ಕೈಗೆ ಚೆಂಡು ತಾಗಿದರೆ ಬೇಕೆಂದೇ ತಾಗಿಸಿದನೇ ಎಂದು ನೋಡುವುದು ಫುಟ್‌ಬಾಲಿನ ಹಳೆಯ ಪದ್ಧತಿ. 2019ರ ತಿದ್ದುಪಡಿಯ ನಂತರ, ಅರಿವಿಲ್ಲದೆ ಕೈಗೆ ತಾಗಿದ ಚೆಂಡು ನೇರ ಗೋಲಿಗೆ ಹೋದರೂ ಗೋಲು ಇಲ್ಲ. ಉದ್ದೇಶದ ಪ್ರಶ್ನೆಯನ್ನು ಅಷ್ಟರ ಮಟ್ಟಿಗೆ ಕೈಬಿಟ್ಟರು. ಕರ್ತೃ ಯಾರೆಂದು ತೀರ್ಮಾನವಾಗುವವರೆಗೆ ಕಾಯುತ್ತ ಕೂತರೆ ತೊಂಬತ್ತು ನಿಮಿಷ ಸಾಲುವುದಿಲ್ಲವಲ್ಲ.

ಹಲಸೂರಿನ ಗೌತಮಪುರದಲ್ಲಿ ಒಂದು ದೃಶ್ಯವಿದೆ. ಫುಟ್‌ಬಾಲ್ ಹುಚ್ಚಿಗೆ ಹೆಸರಾದ ಆ ಬಡಾವಣೆಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲೇ ಪೆಲೆ ನಿಂತಿದ್ದಾನೆ. 2022ರ ಡಿಸೆಂಬರ್‌ನಲ್ಲಿ ಪೆಲೆ ತೀರಿಕೊಂಡಾಗ ಅಲ್ಲಿನವರಿಗೆ ಅದು ಮನೆಯ ಸಾವು. ಒಡೆಯನಿಲ್ಲದ ರಥದ ಮಾತಿಗೆ ಮೂಲನಾದ ಬುದ್ಧನ ನೆರೆಯಲ್ಲೇ ಅಂಥ ರಥವನ್ನು ಓಡಿಸಿ ತೋರಿಸಿದವನು. ಪ್ರತಿಮೆ ನಿಲ್ಲಿಸಿದವರು ಇಷ್ಟೆಲ್ಲ ಯೋಚಿಸಿರಲಾರರು.

ವೈಟ್‌ಫೀಲ್ಡಿನ ಟರ್ಫಿನಲ್ಲಿ ಏಳೂವರೆಯ ಸ್ಲಾಟಿನವರು ಬಲೆಯಾಚೆ ಬಂದು ನಿಂತಿದ್ದಾರೆ. ಕೋಚ್ ಏಣಿ ಸುತ್ತಿಟ್ಟು, ಕೊನೆಯ ಹತ್ತು ನಿಮಿಷಕ್ಕೆ ಬೇರೆ ಆಟ ಹೂಡಿದ್ದಾನೆ. ಪ್ರತಿಯೊಬ್ಬನಿಗೂ ಒಂದು ಚೆಂಡು. ಒಂದು ಟೆನಿಸ್ ಚೆಂಡು, ಒಂದು ಗಾಳಿ ಕಮ್ಮಿಯಾದದ್ದು, ಒಂದು ಫುಟ್‌ಸಾಲ್‌ನ ಭಾರದ್ದು. ಎಲ್ಲರೂ ಒಂದೇ ಚೌಕದೊಳಗೆ ಡಿಕ್ಕಿಯಾಗದಂತೆ ಓಡಾಡಬೇಕು. ಕೋಚ್ ಬೆರಳು ಎತ್ತಿದಾಗ ಎಷ್ಟು ಎಂದು ಕೂಗಬೇಕು. "ಮೂರು!" "ಐದು!" "ನಾಲ್ಕು!" ಆ ಹುಡುಗ ಬಲಗಾಲಿನಲ್ಲಿ ಚೆಂಡು ಉರುಳಿಸುತ್ತ ಎರಡು ಸಲ ಸರಿಯಾಗಿ ಕೂಗುತ್ತಾನೆ, ಪಕ್ಕದಲ್ಲಿ ಬಂದವನನ್ನು ತಪ್ಪಿಸಿಕೊಳ್ಳುತ್ತಾನೆ, ತಪ್ಪಿಸಿಕೊಂಡದ್ದು ಅವನಿಗೇ ಗೊತ್ತಾದಂತಿಲ್ಲ. "ಈಗ ಎಡಗಾಲು!" ಎನ್ನುತ್ತಾನೆ ಕೋಚ್. ಹುಡುಗನ ತಲೆ ಕೆಳಗೆ ಬಾಗುತ್ತದೆ, ನಾಲಿಗೆಯ ತುದಿ ಮತ್ತೆ ಹೊರಗೆ ಬರುತ್ತದೆ, ಕೋಚ್ ಎತ್ತಿದ ಎರಡು ಬೆರಳು ಗಾಳಿಯಲ್ಲಿ ಹಾಗೇ ನಿಂತಿವೆ.